ಟೊಮೆಟೊ ಗಿಡ ಸೊರಗಿದೆಯಾ? ಔಷಧಿ ಹೊಡೆಯುವ ಮೊದಲು ಇಷ್ಟು ನೋಡಿ

ಕುಂಡದಲ್ಲಿ ನೆಟ್ಟ ನನ್ನ ಮೊದಲ ಟೊಮೆಟೊ ಗಿಡವನ್ನು ಕೊಂದದ್ದು ಹುಳುವಲ್ಲ, ರೋಗವೂ ಅಲ್ಲ. ನಾನೇ. ಒಂದು ಮಧ್ಯಾಹ್ನ ನೋಡಿದರೆ ಎಲೆಗಳು ಜೋತು ಬಿದ್ದಿದ್ದವು. ಪಾಪ, ಬಾಯಾರಿದೆ ಅಂತ ನೀರು ಹಾಕಿದೆ. ಮರುದಿನವೂ ಜೋತು ಬಿತ್ತು, ಮತ್ತೆ ನೀರು. ನಾಲ್ಕು ದಿನ ಕಳೆಯುವಷ್ಟರಲ್ಲಿ ಕೆಳಗಿನ ಎಲೆ ಹಳದಿಯಾಯಿತು. ಗೊಬ್ಬರ ಸಾಲದು ಅಂದುಕೊಂಡು ಒಂದು ಹಿಡಿ ಗೊಬ್ಬರ ಹಾಕಿದೆ. ಅದಕ್ಕೂ ಬಗ್ಗದಿದ್ದಾಗ ಮನೆಯಲ್ಲಿದ್ದ ಯಾವುದೋ ಶಿಲೀಂಧ್ರನಾಶಕ ಸಿಂಪಡಿಸಿದೆ. ಎರಡು ವಾರಕ್ಕೆ ಗಿಡ ಮುಗಿಯಿತು. ಕಿತ್ತು ನೋಡಿದರೆ ಬೇರೆಲ್ಲ ಕಂದು ಬಣ್ಣಕ್ಕೆ ತಿರುಗಿ ಕೊಳೆತ ವಾಸನೆ ಬರುತ್ತಿತ್ತು. ಕುಂಡದ ತಳದ ತೂತು ಮಣ್ಣು ಮೆತ್ತಿಕೊಂಡು ಮುಚ್ಚಿಹೋಗಿತ್ತು. ಮೊದಲ ದಿನವೇ ಒಂದು ಕಡ್ಡಿ ತಗೊಂಡು ಆ ತೂತಿಗೆ ಚುಚ್ಚಿದ್ದರೆ ಗಿಡ ಉಳಿಯುತ್ತಿತ್ತು.

ವಸಂತದಲ್ಲಿ ಟೊಮೆಟೊಗೆ ಬರುವ ತೊಂದರೆಗಳಲ್ಲಿ ನಾನು ನೋಡಿದ ಬಹುಪಾಲು ಹೀಗೇ ಇವೆ. ನೀರು, ಚಳಿ, ಬಿಸಿಲು, ಗಾಳಿ ಇವುಗಳಲ್ಲಿ ಯಾವುದೋ ಒಂದು ಹದ ತಪ್ಪಿರುತ್ತದೆ. ನಾವು ಮಾತ್ರ ಬಾಟಲಿ ಹುಡುಕುತ್ತಿರುತ್ತೇವೆ. ಹಾಗಾಗಿ ಈ ಬರಹದಲ್ಲಿ ಔಷಧಿಗಿಂತ ಲಕ್ಷಣ ಓದುವುದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲ ದಿನ ಬರೀ ನೋಡುವುದು

ಗಿಡದ ಮುಂದೆ ಕೂತು ತೊಂದರೆ ಎಲ್ಲಿಂದ ಶುರುವಾಗಿದೆ ಅಂತ ನೋಡಿ. ಕೆಳಗಿನ ಹಳೆ ಎಲೆಯಿಂದಲೋ, ತುದಿಯ ಚಿಗುರಿನಿಂದಲೋ? ಇದೊಂದೇ ಪ್ರಶ್ನೆ ಅರ್ಧ ಕೆಲಸ ಮುಗಿಸಿಬಿಡುತ್ತದೆ. ಸಾರಜನಕ, ಮೆಗ್ನೀಸಿಯಂ ಕಡಿಮೆಯಾದರೆ ಗಿಡ ಅವನ್ನು ಹಳೆ ಎಲೆಯಿಂದ ಕಿತ್ತು ಚಿಗುರಿಗೆ ಕಳಿಸುತ್ತದೆ. ಹಾಗಾಗಿ ಕೊರತೆ ಕಾಣುವುದು ಕೆಳಗೆ. ಕಬ್ಬಿಣ, ಕ್ಯಾಲ್ಸಿಯಂ ಹಾಗೆ ಓಡಾಡುವುದಿಲ್ಲ, ಅವುಗಳ ಕೊರತೆ ಹೊಸ ಬೆಳವಣಿಗೆಯಲ್ಲಿ ಕಾಣುತ್ತದೆ. ಮಣ್ಣಿನಿಂದ ಸಿಡಿದು ಬರುವ ಶಿಲೀಂಧ್ರ ಕೆಳಗಿನ ಎಲೆಗೆ ಮೊದಲು ತಗಲುತ್ತದೆ. ವೈರಸ್ ಮತ್ತು ಕಳೆನಾಶಕದ ಏಟು ಚಿಗುರಿನಲ್ಲಿ ಎದ್ದು ಕಾಣುತ್ತದೆ.

ಆಮೇಲೆ ಎಷ್ಟು ಗಿಡಕ್ಕೆ ಆಗಿದೆ ನೋಡಿ. ಆರು ಗಿಡಕ್ಕೂ ಒಂದೇ ದಿನ ಒಂದೇ ಥರ ಆಗಿದ್ದರೆ ಅದು ಹವಾಮಾನದ ಕೆಲಸ, ಇಲ್ಲವೇ ನಿಮ್ಮ ಕೈಯ ಕೆಲಸ. ರೋಗ ಒಂದು ಮೂಲೆಯಲ್ಲಿ ಹುಟ್ಟಿ ನಿಧಾನಕ್ಕೆ ಹಬ್ಬುತ್ತದೆ. ಪಕ್ಕದಲ್ಲಿರುವ ಬೇರೆ ಜಾತಿಯ ಗಿಡಗಳೂ ಹಾಗೇ ಆಗಿದ್ದರೆ ಟೊಮೆಟೊ ರೋಗಗಳ ಪಟ್ಟಿಯನ್ನೇ ಪಕ್ಕಕ್ಕಿಡಿ. ರಾತ್ರಿ ಬೆಳಗಾಗುವುದರೊಳಗೆ ಆದದ್ದೋ, ವಾರದಿಂದ ಏರುತ್ತಿದ್ದದ್ದೋ ಅನ್ನುವುದೂ ಮುಖ್ಯ. ನೆನಪು ಕೈಕೊಡುತ್ತದೆ, ಅದಕ್ಕೇ ನಾನು ಎರಡು ದಿನಕ್ಕೊಮ್ಮೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡುತ್ತೇನೆ.

ಕೊನೆಗೆ ಎಲೆ ತಿರುವಿ ನೋಡಿ. ಇದನ್ನು ಯಾರೂ ಮಾಡುವುದಿಲ್ಲ! ಎಲೆಯ ಕೆಳಗೆ ಒಂದು ಬಿಳಿ ಕಾಗದ ಹಿಡಿದು ಎರಡು ಸಲ ತಟ್ಟಿ. ಉದುರಿದ ಚುಕ್ಕೆಗಳು ನಡೆದಾಡಿದರೆ ಅವು ಧೂಳಲ್ಲ, ನುಸಿ ಅಥವಾ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ.

ಗಿಡ ಬಾಡಿ ಜೋತು ಬಿದ್ದಿದ್ದರೆ

ಮಧ್ಯಾಹ್ನ ಬಾಡಿ, ಸಂಜೆ ತಂಪಾದ ಮೇಲೆ ಎದ್ದು ನಿಂತರೆ ಏನೂ ಮಾಡಬೇಡಿ. ಬಿಸಿಲಿಗೆ ಎಲೆಯಿಂದ ಆವಿಯಾಗುವ ನೀರು ಬೇರು ಎಳೆಯುವುದಕ್ಕಿಂತ ಹೆಚ್ಚಾದಾಗ ಹೀಗಾಗುತ್ತದೆ. ಹೊಸದಾಗಿ ನೆಟ್ಟ ಸಸಿಗೆ ಬೇರು ಇನ್ನೂ ಹರಡಿರುವುದಿಲ್ಲ, ಅದಕ್ಕೆ ಮೊದಲ ವಾರ ಇದು ಮಾಮೂಲಿ. ಮಧ್ಯಾಹ್ನ ಎರಡು ಗಂಟೆ ಕಾಲ ನೆರಳು ಕೊಟ್ಟರೆ ಸಾಕು.

ಬೆಳಗ್ಗೆ ಎದ್ದು ನೋಡಿದಾಗಲೂ ಬಾಡಿದ್ದರೆ ವಿಷಯ ಬೇರೆ. ಬೆರಳನ್ನು ಎರಡನೇ ಗೆಣ್ಣಿನವರೆಗೆ, ಅಂದರೆ ಸುಮಾರು 5 ಸೆಂ.ಮೀ. ಆಳಕ್ಕೆ ಮಣ್ಣಿಗೆ ಹಾಕಿ. ಮೇಲ್ಮೈ ಒಣಗಿರುವುದನ್ನು ನೋಡಿ ತೀರ್ಮಾನಕ್ಕೆ ಬರಬೇಡಿ, ಮೇಲೆ ಒಣಗಿ ಒಳಗೆ ಕೆಸರಾಗಿರುವುದು ಬಹಳ ಸಾಮಾನ್ಯ. ಬೆರಳಿಗೆ ಪುಡಿಪುಡಿ ಒಣ ಮಣ್ಣು ಸಿಕ್ಕಿದರೆ ನಿಧಾನವಾಗಿ, ಆಳಕ್ಕೆ ಇಳಿಯುವ ಹಾಗೆ ನೀರು ಕೊಡಿ. ಕುಂಡದ ಮಣ್ಣು ತೀರಾ ಒಣಗಿದ್ದರೆ ಅಂಚು ಬಿಟ್ಟುಕೊಂಡು ಬಿರುಕಾಗಿರುತ್ತದೆ. ಹಾಕಿದ ನೀರು ಆ ಸಂದಿಯಲ್ಲಿ ಇಳಿದು ತೂತಿನಿಂದ ಹೊರಗೆ ಓಡುತ್ತದೆ, ಬೇರಿಗೆ ಒಂದು ಹನಿಯೂ ಸೇರುವುದಿಲ್ಲ. ಅಂಥ ಕುಂಡವನ್ನು ಅರ್ಧ ಗಂಟೆ ನೀರಿನ ಬೋಗುಣಿಯಲ್ಲಿ ಕೂರಿಸಿ.

ಮಣ್ಣು ಒದ್ದೆ, ಗಿಡ ಮಾತ್ರ ಬಾಡಿದೆ ಅಂದರೆ ಬೇರಿಗೆ ಉಸಿರಾಡಲು ಗಾಳಿ ಇಲ್ಲ ಅಂತ ಮೊದಲ ಅನುಮಾನ. ನೀರು ನಿಲ್ಲಿಸಿ. ಕುಂಡದ ತೂತು ಬಿಡಿಸಿ, ಕೆಳಗೆ ತಟ್ಟೆ ಇದ್ದರೆ ತೆಗೆಯಿರಿ, ಎರಡು ಇಟ್ಟಿಗೆಯ ಮೇಲೆ ಎತ್ತಿಡಿ. ಪಾತಿಯಲ್ಲಿದ್ದರೆ ಪಕ್ಕದಲ್ಲಿ ಒಂದು ಕಾಲುವೆ ತೋಡಿ ನೀರು ಬಸಿದು ಹೋಗಲು ದಾರಿ ಮಾಡಿ. ಬೇರು ಬಿಳಿಯಾಗಿ ಗಟ್ಟಿಯಾಗಿದ್ದರೆ ಗಿಡ ಉಳಿಯುತ್ತದೆ. ಕಂದಾಗಿ, ಎಳೆದರೆ ಮೇಲಿನ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಕೈಗೆ ಬಂದರೆ ಕಷ್ಟ.

ನೀರು ಸರಿ ಇದೆ, ಒಂದೆರಡು ದಿನದಲ್ಲೇ ಹಸಿರು ಎಲೆಯೊಂದಿಗೆ ಇಡೀ ಗಿಡ ಕುಸಿದಿದೆ ಅಂದರೆ ದುಂಡಾಣು ಸೊರಗು ರೋಗ ಇರಬಹುದು. ಇದನ್ನು ಮನೆಯಲ್ಲೇ ಪತ್ತೆ ಮಾಡಬಹುದು. ಬುಡದ ಹತ್ತಿರದ ಕಾಂಡವನ್ನು ಚೂಪಾದ ಚಾಕುವಿನಲ್ಲಿ ಕತ್ತರಿಸಿ, ಒಂದು ಗಾಜಿನ ಲೋಟದಲ್ಲಿ ತಿಳಿ ನೀರು ತುಂಬಿ, ಕತ್ತರಿಸಿದ ತುದಿ ಮುಳುಗುವ ಹಾಗೆ ಅಲ್ಲಾಡಿಸದೆ ಹಿಡಿಯಿರಿ. ಕೆಲವು ನಿಮಿಷದಲ್ಲಿ ಹಾಲಿನಂಥ ಬಿಳಿ ಎಳೆಗಳು ಕೆಳಗೆ ಇಳಿದರೆ ಅದೇ ರೋಗ. ಮೊದಲ ಸಲ ನೋಡಿದಾಗ ನಾನು ಬೆರಗಾಗಿ ಐದು ನಿಮಿಷ ಅಲ್ಲೇ ಕೂತಿದ್ದೆ. ಇದಕ್ಕೆ ಔಷಧಿ ಇಲ್ಲ. ಸುತ್ತಲಿನ ಮಣ್ಣಿನ ಸಮೇತ ಗಿಡ ತೆಗೆದು ಕಸಕ್ಕೆ ಹಾಕಿ, ಗೊಬ್ಬರದ ಗುಂಡಿಗೆ ಹಾಕಬೇಡಿ.

ಕಾಂಡದ ಒಂದೇ ಬದಿಯ ಎಲೆಗಳು, ಕೆಲವು ಸಲ ಒಂದೇ ಎಲೆಯ ಅರ್ಧ ಭಾಗ ಮಾತ್ರ ಹಳದಿಯಾಗಿ ಬಾಡುತ್ತಿದ್ದರೆ ಫ್ಯೂಸೇರಿಯಂ ಸೊರಗು ರೋಗವನ್ನು ಶಂಕಿಸಿ. ಬುಡದ ಕಾಂಡವನ್ನು ಉದ್ದಕ್ಕೆ ಸೀಳಿದರೆ ಸಿಪ್ಪೆಯ ಒಳಗೆ ಕಂದು ಗೆರೆ ಕಾಣುತ್ತದೆ. ಇದು ಬಿಸಿ ಮಣ್ಣಿನ ರೋಗ, ಹಾಗಾಗಿ ವಸಂತದ ಕೊನೆಗೆ ಬರುವುದು ಹೆಚ್ಚು. ಇದರ ದಾಯಾದಿ ವರ್ಟಿಸಿಲಿಯಂಗೆ ತಂಪು ಬೇಕು. ಕೆಳಗಿನ ಎಲೆಯ ಅಂಚಿನಿಂದ ಒಳಕ್ಕೆ ಕಿರಿದಾಗುತ್ತಾ ಹೋಗುವ ಹಳದಿ ಪಟ್ಟಿ ಅದರ ಗುರುತು. ಎರಡೂ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಮುಂದಿನ ಸಲ ಆ ಜಾಗದಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಯಾವುದೂ ಬೇಡ. ಬೀಜದ ಪೊಟ್ಟಣದ ಮೇಲೆ ತಳಿಯ ಹೆಸರಿನ ಪಕ್ಕ ವಿ, ಎಫ್, ಎನ್, ಟಿ ಅಂತ ಇಂಗ್ಲಿಷ್ ಅಕ್ಷರಗಳಿದ್ದರೆ ಗಮನಿಸಿ. ವರ್ಟಿಸಿಲಿಯಂ, ಫ್ಯೂಸೇರಿಯಂ, ಬೇರಿನ ಜಂತುಹುಳು, ತಂಬಾಕು ಮೊಸಾಯಿಕ್ ವೈರಸ್ ಇವನ್ನು ಆ ತಳಿ ತಡೆದುಕೊಳ್ಳುತ್ತದೆ ಅಂತ ಅದರ ಅರ್ಥ.

ಹಾಂ, ಜಂತುಹುಳುವಿನ ಮಾತು ಬಂತು. ಬಾಡುವ ಗಿಡ ಕಿತ್ತಾಗ ಬೇರಿನ ತುಂಬ ಮಣಿ ಪೋಣಿಸಿದ ಹಾಗೆ ಗಂಟುಗಳಿದ್ದರೆ ಅದು ಅವುಗಳ ಕೆಲಸ.

ಸಸಿ ಮೊಳಕೆಯಲ್ಲೇ ಬಿದ್ದರೆ

ನಿನ್ನೆ ನೆಟ್ಟಗಿದ್ದ ಸಸಿ ಇವತ್ತು ಮಣ್ಣಿನ ಮಟ್ಟದಲ್ಲಿ ದಾರದಂತೆ ಸಣ್ಣಗಾಗಿ ಮಲಗಿದೆ. ಇದು ಸಸಿ ಸಾಯುವ ರೋಗ. ಬಿದ್ದದ್ದು ಏಳುವುದಿಲ್ಲ. ಉಳಿದವನ್ನು ಬೇರೆ ಟ್ರೇಗೆ ಸರಿಸಿ, ಮೇಲಿನಿಂದ ನೀರು ಚಿಮುಕಿಸುವುದನ್ನು ಬಿಟ್ಟು ತಟ್ಟೆಯಲ್ಲಿ ನೀರಿಟ್ಟು ಕೆಳಗಿನಿಂದ ಹೀರಲು ಬಿಡಿ, ಗಾಳಿ ಆಡಲಿ. ಹಳೆ ಕುಂಡದ ಮಣ್ಣಿನಲ್ಲಿ ಬೀಜ ಹಾಕುವುದೇ ಇದಕ್ಕೆ ದೊಡ್ಡ ಕಾರಣ. ಮೊಳಕೆಗೆ 21ರಿಂದ 27 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದ್ದರೆ ಸಸಿ ಬೇಗ ಬಲಿತು ಈ ಅಪಾಯದ ಹಂತ ದಾಟುತ್ತದೆ.

ಸಸಿ ಸತ್ತಿಲ್ಲ, ಆದರೆ ಉದ್ದಕ್ಕೆ ಕಡ್ಡಿಯಂತೆ ಬೆಳೆದು ಬಾಗಿದೆ ಅಂದರೆ ಬೆಳಕು ಸಾಲದು. ಇದಕ್ಕೆ ಹೆದರಬೇಡಿ. ಟೊಮೆಟೊ ಕಾಂಡ ಮಣ್ಣು ತಾಗಿದ ಕಡೆಯೆಲ್ಲ ಬೇರು ಬಿಡುತ್ತದೆ. ನೆಡುವಾಗ ಕೆಳಗಿನ ಎಲೆ ಚಿವುಟಿ, ಮೇಲಿನ ನಾಲ್ಕೈದು ಎಲೆ ಮಾತ್ರ ಹೊರಗಿರುವಷ್ಟು ಆಳಕ್ಕೆ ಹೂತುಬಿಡಿ. ಕೆಳಗಿನ ಮಣ್ಣು ತಣ್ಣಗಿದ್ದರೆ ಕಾಂಡವನ್ನು ಓರೆಯಾಗಿ ಮಲಗಿಸಿ ಹೂಳಿ. ತುದಿ ಎರಡು ದಿನದಲ್ಲಿ ತಾನೇ ಮೇಲೆ ತಿರುಗುತ್ತದೆ.

ಹೊರಗೆ ನೆಟ್ಟ ಮೊದಲ ಎರಡು ವಾರ

ಗಾಬರಿ ಹುಟ್ಟಿಸುವ ಲಕ್ಷಣ ಜಾಸ್ತಿ ಬರುವುದು ಈಗಲೇ. ಅದರಲ್ಲಿ ಹೆಚ್ಚಿನವು ತಾವಾಗಿಯೇ ಸರಿಹೋಗುತ್ತವೆ.

ಎಲೆಯ ಮೇಲೆ ಬಿಳಿ, ಕಾಗದದಂಥ ಮಚ್ಚೆ ಎದ್ದರೆ ಅದು ಬಿಸಿಲಿನ ಸುಟ್ಟ ಗಾಯ. ಮನೆಯೊಳಗೆ ಬೆಳೆದ ಎಲೆಯನ್ನು ಒಮ್ಮೆಲೇ ಬಿಸಿಲಿಗೆ ಒಡ್ಡಿದ್ದೀರಿ. ಸುಟ್ಟ ಭಾಗ ಮತ್ತೆ ಹಸಿರಾಗುವುದಿಲ್ಲ, ಹೊಸ ಎಲೆ ಚೆನ್ನಾಗಿ ಬಂದರೆ ಸಾಕು. ಸಸಿಯನ್ನು ಹೊರಗಿನ ಗಾಳಿ ಬಿಸಿಲಿಗೆ ಪಳಗಿಸಲು 7ರಿಂದ 10 ದಿನ ಬೇಕು. ಮೊದಲ ದಿನ ನೆರಳಲ್ಲಿ ಒಂದೆರಡು ಗಂಟೆ, ದಿನಾ ಸ್ವಲ್ಪ ಹೆಚ್ಚಿಸುತ್ತಾ ಹೋಗಿ, ಕೊನೆಗೆ ರಾತ್ರಿಯೂ ಹೊರಗೆ. ಈ ಕೆಲಸ ಬೇಜಾರಿನದು, ಒಪ್ಪುತ್ತೇನೆ. ಒಂದು ವರ್ಷ ಮೂರು ದಿನಕ್ಕೇ ಮುಗಿಸಿದೆ, ಆ ಸಸಿಗಳು ಚೇತರಿಸಿಕೊಳ್ಳಲು ಮೂರು ವಾರ ತೆಗೆದುಕೊಂಡವು.

ಎಲೆಯ ಕೆಳಭಾಗ, ನರ, ಕಾಂಡ ನೇರಳೆ ಬಣ್ಣಕ್ಕೆ ತಿರುಗಿದರೆ ರಂಜಕದ ಕೊರತೆ ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಮಣ್ಣಿನಲ್ಲಿ ರಂಜಕ ಇರುತ್ತದೆ, ಆದರೆ ತಣ್ಣಗಿನ ಮಣ್ಣಿನಲ್ಲಿ ಬೇರಿಗೆ ಅದನ್ನು ಹೀರಲು ಆಗುವುದಿಲ್ಲ. ಗೊಬ್ಬರ ಸುರಿಯುವ ಬದಲು ಕಾಯಿರಿ. ಮಣ್ಣು ಬೆಚ್ಚಗಾದ ಮೇಲೆ ಬರುವ ಎಲೆ ಹಸಿರಾಗಿದ್ದರೆ ವಿಷಯ ಮುಗಿಯಿತು. ಬೆಚ್ಚಗಾದ ಮೇಲೂ ನೇರಳೆ ಹೋಗದಿದ್ದರೆ ಮಣ್ಣು ಪರೀಕ್ಷೆ ಮಾಡಿಸಿ. ಟೊಮೆಟೊಗೆ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) 6.2ರಿಂದ 6.8ರ ನಡುವೆ ಇದ್ದರೆ ಒಳ್ಳೆಯದು.

ಗಿಡ ಸಾಯುವುದೂ ಇಲ್ಲ, ಬೆಳೆಯುವುದೂ ಇಲ್ಲ, ಸುಮ್ನೆ ನಿಂತುಬಿಟ್ಟಿದೆ ಅಂದರೂ ಚಳಿಯೇ ಕಾರಣ. ಬೆಳಗ್ಗೆ ಮಣ್ಣಿನೊಳಗೆ 10 ಸೆಂ.ಮೀ. ಆಳದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. 15 ಡಿಗ್ರಿಗಿಂತ ಕಡಿಮೆ ಇದ್ದರೆ ನೆಡಲು ಅವಸರ ಬೇಡ. ರಾತ್ರಿಯ ಗಾಳಿ 10 ಡಿಗ್ರಿಗಿಂತ ಕೆಳಗಿಳಿದರೂ ಟೊಮೆಟೊ ಮಂಕಾಗುತ್ತದೆ. ಎರಡು ವಾರ ತಡವಾಗಿ ಬೆಚ್ಚಗಿನ ಮಣ್ಣಿಗೆ ಬಿದ್ದ ಸಸಿ ಮೊದಲೇ ನೆಟ್ಟದ್ದನ್ನು ಹಿಂದೆ ಹಾಕುವುದನ್ನು ಕಣ್ಣಾರೆ ನೋಡಿದ್ದೇನೆ. ಇನ್ನೊಂದು ತಪ್ಪು, ತಣ್ಣಗಿನ ಮಣ್ಣಿನ ಮೇಲೆ ಹುಲ್ಲು, ತರಗೆಲೆಯ ದಪ್ಪ ಹೊದಿಕೆ ಹಾಕುವುದು. ಹೊದಿಕೆ ಚಳಿಯನ್ನು ಒಳಗೇ ಹಿಡಿದಿಡುತ್ತದೆ. ಮಣ್ಣು ಕಾದ ಮೇಲೆ ಹಾಕಿ.

ನೀರು ಹೆಪ್ಪುಗಟ್ಟುವಷ್ಟು ಚಳಿ ಬಿದ್ದ ರಾತ್ರಿಯ ಮರುದಿನ ಎಲೆ ಕಡುಹಸಿರಾಗಿ, ಬೇಯಿಸಿದ ಸೊಪ್ಪಿನಂತೆ ಮೆತ್ತಗಾಗಿ, ಮಧ್ಯಾಹ್ನಕ್ಕೆ ಕಪ್ಪಾದರೆ ಹೇಳಬೇಕಾದ್ದೇ ಇಲ್ಲ. ಆದರೆ ಕೂಡಲೇ ಕಿತ್ತು ಬಿಸಾಡಬೇಡಿ. ಬುಡದ ಕಾಂಡ ಹಸಿರಾಗಿ ಗಟ್ಟಿಯಾಗಿದ್ದರೆ ಎಲೆಯ ಕಂಕುಳಿನಿಂದ ಹೊಸ ಕುಡಿ ಒಡೆಯಬಹುದು. ಒಂದು ವಾರ ಕೊಡಿ. ಆಕಾಶ ತಿಳಿಯಾಗಿದ್ದು ಗಾಳಿ ಪೂರ್ತಿ ನಿಂತ ರಾತ್ರಿ ಹೆಚ್ಚು ಅಪಾಯ, ಮೋಡ ಇದ್ದರೆ ನೆಲದ ಶಾಖ ಅಷ್ಟು ಸುಲಭಕ್ಕೆ ಮೇಲೆ ಹೋಗುವುದಿಲ್ಲ. ಅಂಥ ಸಂಜೆ ಸೂರ್ಯ ಮುಳುಗುವ ಮೊದಲೇ ಹಳೆ ಬೆಡ್‌ಶೀಟನ್ನು ನೆಲ ಮುಟ್ಟುವ ಹಾಗೆ ಹೊದಿಸಿ. ಗಿಡವನ್ನು ಬೆಚ್ಚಗಿಡುವುದು ನೆಲದಿಂದ ಏಳುವ ಶಾಖ. ಬಟ್ಟೆಯನ್ನು ಕಾಂಡಕ್ಕೆ ಸುತ್ತಿ ಗಂಟು ಹಾಕಿದರೆ ಆ ಶಾಖ ಹೊರಗೇ ಉಳಿಯುತ್ತದೆ. ಪ್ಲಾಸ್ಟಿಕ್ ಹಾಳೆ ಎಲೆಗೆ ತಾಗಿದರೆ ತಾಗಿದ ಕಡೆಯೇ ಎಲೆ ಸುಡುತ್ತದೆ, ಕೋಲು ನೆಟ್ಟು ಎತ್ತರಕ್ಕೆ ಹಿಡಿಸಿ. ಮಧ್ಯಾಹ್ನವೇ ಮಣ್ಣಿಗೆ ನೀರು ಕೊಟ್ಟಿರಿ, ಒದ್ದೆ ಮಣ್ಣು ಹಗಲಿನ ಶಾಖವನ್ನು ಹೆಚ್ಚು ಹಿಡಿದಿಡುತ್ತದೆ. ಬೆಳಗ್ಗೆ ಬಿಸಿಲು ಬಂದ ಮೇಲೆ ಹೊದಿಕೆ ತೆಗೆಯಲು ಮರೆಯಬೇಡಿ.

ಸಸಿ ಬುಡದಲ್ಲಿ ಕತ್ತರಿಯಿಂದ ಕತ್ತರಿಸಿದ ಹಾಗೆ ಬಿದ್ದಿದ್ದರೆ, ಎಲೆಗೆ ಬೇರೇನೂ ಆಗಿಲ್ಲದಿದ್ದರೆ, ಬುಡದ ಸುತ್ತ ಒಂದೆರಡು ಅಂಗುಲ ಕೆದಕಿ. ಸುರುಳಿ ಸುತ್ತಿಕೊಂಡು ಮಲಗಿರುವ ಬೂದು ಬಣ್ಣದ ದಪ್ಪ ಹುಳು ಸಿಗುತ್ತದೆ. ಸಸಿ ಕತ್ತರಿಸುವ ಹುಳು ಅದು, ರಾತ್ರಿ ಪಾಳಿಯ ಕೆಲಸಗಾರ. ಹಿಡಿದು ಹಾಕಿ. ಮುಂದಿನ ಸಸಿಗೆ ರಟ್ಟಿನ ಕೊಳವೆಯೊಂದನ್ನು 3 ಸೆಂ.ಮೀ. ಮಣ್ಣೊಳಗೆ, 6 ಸೆಂ.ಮೀ. ಮೇಲೆ ಇರುವಂತೆ ಬುಡಕ್ಕೆ ತೊಡಿಸಿ. ಇದಕ್ಕಿಂತ ಅಗ್ಗದ, ಇದಕ್ಕಿಂತ ಗ್ಯಾರಂಟಿಯ ಉಪಾಯ ಈ ಇಡೀ ಬರಹದಲ್ಲಿ ಇನ್ನೊಂದಿಲ್ಲ.

ಎಲೆ ಹಳದಿಯಾದರೆ

ಕೆಳಗಿನ ಎಲೆ ಪೂರ್ತಿ ಸಮನಾಗಿ ತಿಳಿ ಹಳದಿ, ಇಡೀ ಗಿಡ ಪೇಲವ ಅಂದರೆ ಸಾರಜನಕ ಸಾಲದು. ಕೆಳಗಿನ ಎಲೆಯ ನರ ಹಸಿರು, ನಡುವಿನ ಜಾಗ ಹಳದಿ ಅಂದರೆ ಮೆಗ್ನೀಸಿಯಂ. ಅದೇ ಚಿತ್ರ ಚಿಗುರಿನಲ್ಲಿ ಕಂಡರೆ ಕಬ್ಬಿಣ. ಆದರೆ ಕಬ್ಬಿಣ ಮಣ್ಣಿನಲ್ಲಿ ಇಲ್ಲ ಅಂತಲ್ಲ, ಪಿಎಚ್ ಏರಿದೆ ಅಥವಾ ಬೇರು ನೀರಿನಲ್ಲಿ ನಿಂತಿದೆ. ಗಿಡ ದೊಡ್ಡದಾದ ಮೇಲೆ ತೀರಾ ಕೆಳಗಿನ ಒಂದೆರಡು ಎಲೆ ನೆರಳಿಗೆ ಹಳದಿಯಾಗಿ ಉದುರುವುದು ವಯಸ್ಸಿನ ಲಕ್ಷಣ, ಅಷ್ಟೆ.

ಎಲೆ ಮುದುಡಿದರೆ

ಜನ ಜಾಸ್ತಿ ಎಡವುವುದು ಇಲ್ಲಿ. ಮುದುಡಿದ್ದೆಲ್ಲ ವೈರಸ್ ಅಂದುಕೊಂಡು ಒಳ್ಳೆ ಗಿಡ ಕಿತ್ತವರಿದ್ದಾರೆ. ವೈರಸ್ ಬಂದ ಗಿಡವನ್ನು ತಿಂಗಳುಗಟ್ಟಲೆ ಸಾಕಿ ಪಕ್ಕದ ಗಿಡಗಳಿಗೆಲ್ಲ ಹಂಚಿದವರೂ ಇದ್ದಾರೆ. ನಾನು ಎರಡನ್ನೂ ಮಾಡಿದ್ದೇನೆ.

ಕೆಳಗಿನ ದೊಡ್ಡ ಎಲೆಗಳು ಉದ್ದಕ್ಕೆ ಕೊಳವೆಯಂತೆ ಮೇಲಕ್ಕೆ ಸುತ್ತಿಕೊಂಡಿವೆ, ಮುಟ್ಟಿದರೆ ಚರ್ಮದಂತೆ ದಪ್ಪಗಿವೆ, ಬಣ್ಣ ಮಾತ್ರ ಹಸಿರೇ ಇದೆ, ತುದಿ ಚೆನ್ನಾಗಿ ಬೆಳೆಯುತ್ತಿದೆ. ಇದು ರೋಗವಲ್ಲ. ಬಿಸಿಲು ಒಮ್ಮೆಲೇ ಏರಿದಾಗ, ನೀರು ಹೆಚ್ಚುಕಡಿಮೆಯಾದಾಗ, ಒಂದೇ ದಿನ ತುಂಬ ಕುಡಿ ಚಿವುಟಿದಾಗ ಗಿಡ ಹೀಗೆ ಮಾಡುತ್ತದೆ. ಕಾಯಿಗೆ ಏನೂ ತೊಂದರೆ ಇಲ್ಲ.

ತುದಿಯ ಹೊಸ ಎಲೆ ಸಣ್ಣದಾಗಿ, ಬಟ್ಟಲಿನಂತೆ ಮೇಲಕ್ಕೆ ಮುದುಡಿ, ಅಂಚು ಹಳದಿಯಾಗಿ, ಗೆಣ್ಣುಗಳು ಒತ್ತೊತ್ತಾಗಿ ಗಿಡ ಪೊದೆಯಂತೆ ಕುಳ್ಳಗಾದರೆ ಅದು ಎಲೆ ಮುದುಡು ರೋಗದ ವೈರಸ್. ಹರಡುವುದು ಬಿಳಿ ನೊಣ. ಗಿಡ ಅಲ್ಲಾಡಿಸಿದರೆ ಬಿಳಿ ಪುಡಿ ಎದ್ದ ಹಾಗೆ ಹಾರುತ್ತವೆ. ವೈರಸ್ ಹೊಕ್ಕ ಗಿಡಕ್ಕೆ ಚಿಕಿತ್ಸೆ ಇಲ್ಲ. ಒಂದು ದೊಡ್ಡ ಚೀಲವನ್ನು ಗಿಡದ ಮೇಲೆ ಮುಚ್ಚಿ, ನೊಣ ಹಾರದಂತೆ ಬುಡ ಕಟ್ಟಿ, ಆಮೇಲೆ ಕೀಳಿ. ಉಳಿದ ಗಿಡಗಳಿಗೆ ಹಳದಿ ಅಂಟು ಹಾಳೆ ನೇತುಹಾಕಿ, ಎಳೆ ಸಸಿಗಳನ್ನು ಸಣ್ಣ ಕಣ್ಣಿನ ಬಲೆಯೊಳಗಿಡಿ. ಬೇವಿನ ಎಣ್ಣೆ ಸಿಂಪಡಿಸುವುದಾದರೆ ಸಂಜೆ, ಎಲೆಯ ಕೆಳಭಾಗಕ್ಕೆ. ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಟ್ಟು ಹೊಸ ತಲೆನೋವು.

ಎಲೆಯಲ್ಲಿ ಕಡುಹಸಿರು, ತಿಳಿಹಸಿರು ತೇಪೆ ಹಾಕಿದಂತೆ ಕಂಡರೆ ಮೊಸಾಯಿಕ್ ವೈರಸ್. ಇದಕ್ಕೆ ನೊಣ ಬೇಡ, ನಮ್ಮ ಕೈ ಸಾಕು. ಸಿಗರೇಟು, ಹೊಗೆಸೊಪ್ಪು ಮುಟ್ಟಿದ ಕೈಯಿಂದ ಹರಡುವ ತಂಬಾಕು ಮೊಸಾಯಿಕ್ ವೈರಸ್ಸೇ ವಿಜ್ಞಾನಿಗಳು ಮೊಟ್ಟಮೊದಲು ಗುರುತಿಸಿದ ವೈರಸ್. 1890ರ ದಶಕದ ಮಾತು ಅದು. ಗಿಡ ಮುಟ್ಟುವ ಮೊದಲು ಸೋಪು ಹಾಕಿ ಕೈ ತೊಳೆಯಿರಿ.

ಇನ್ನು ನಾಲ್ಕನೆಯದು. ಚಿಗುರು ಕೆಳಕ್ಕೆ ಬಾಗಿ, ತಿರುಚಿಕೊಂಡು, ಎಲೆ ಕಿರಿದಾಗಿ ಜರಿಗಿಡದ ಎಲೆಯಂತೆ ಬರುತ್ತಿದ್ದರೆ ಕಳೆನಾಶಕ ತಗುಲಿರಬಹುದು. ಅಕ್ಕಪಕ್ಕದಲ್ಲಿ ಯಾರೋ ಹುಲ್ಲಿಗೆ ಹೊಡೆದದ್ದು ಗಾಳಿಯಲ್ಲಿ ತೇಲಿ ಬಂದಿರುತ್ತದೆ. ಇಲ್ಲವೇ ಗೊಬ್ಬರದಲ್ಲೇ ಬಂದಿರುತ್ತದೆ, ಇದು ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. ಅಗಲ ಎಲೆಯ ಕಳೆ ಸಾಯಿಸುವ ಕೆಲವು ಔಷಧಿಗಳು ಹುಲ್ಲಿನಲ್ಲಿ ಉಳಿದು, ದನದ ಹೊಟ್ಟೆ ದಾಟಿ, ಸಗಣಿ ಗೊಬ್ಬರದಲ್ಲೂ ಗಟ್ಟಿಯಾಗಿ ಕೂತಿರುತ್ತವೆ. ಒಂದು ವರ್ಷ ನನ್ನ ಎಂಟು ಗಿಡ ಹೀಗೆ ತಿರುಚಿಕೊಂಡವು. ವೈರಸ್ ಅಂತ ಮೂರು ಗಿಡ ಕಿತ್ತ ಮೇಲೆ ನೋಡುತ್ತೇನೆ, ಅದೇ ಗೊಬ್ಬರ ಹಾಕಿದ್ದ ಬೀನ್ಸ್ ಕೂಡ ಹಾಗೇ ಇದೆ. ಬೇರೆ ಗೊಬ್ಬರದ ಮಡಿಯಲ್ಲಿದ್ದ ಟೊಮೆಟೊ ಚೆನ್ನಾಗಿಯೇ ಇತ್ತು.

ಈಗ ಹೊಸ ಗೊಬ್ಬರ ಬಂದಾಗಲೆಲ್ಲ ಒಂದು ಪರೀಕ್ಷೆ ಮಾಡುತ್ತೇನೆ. ಎರಡು ಸಣ್ಣ ಕುಂಡದಲ್ಲಿ ಗೊಬ್ಬರ ಬೆರೆಸಿದ ಮಣ್ಣು, ಇನ್ನೆರಡರಲ್ಲಿ ಬರೀ ಮಣ್ಣು. ಎಲ್ಲದಕ್ಕೂ ಮೂರು ಮೂರು ಬೀನ್ಸ್ ಬೀಜ. ಎರಡು ಮೂರು ವಾರ ಬೆಳೆಸಿ. ಗೊಬ್ಬರದ ಕುಂಡದಲ್ಲಿ ಮಾತ್ರ ಎಲೆ ಬಟ್ಟಲಾಗಿ, ತಿರುಚಿ ಬಂದರೆ ಆ ಗೊಬ್ಬರ ಟೊಮೆಟೊ ಹತ್ತಿರ ಸುಳಿಯಬಾರದು. ಗಾಳಿಯಲ್ಲಿ ಬಂದ ಸಣ್ಣ ಏಟಾದರೆ ಗಿಡ ಕೆಲವು ವಾರದಲ್ಲಿ ಸರಿಯಾದ ಎಲೆ ಬಿಡಲು ಶುರು ಮಾಡುತ್ತದೆ.

ಎಲೆ ಮೇಲೆ ಚುಕ್ಕೆ, ಗೆರೆ

ಎಲೆ ಮೇಲೆ ಅಂಕುಡೊಂಕು ಬಿಳಿ ಗೆರೆ ರಂಗೋಲಿ ಹುಳುವಿನದು. ಎಲೆಯ ಒಳಗೆ ಸುರಂಗ ಕೊರೆಯುತ್ತದೆ. ನೋಡಲು ಕೆಟ್ಟದು, ತೊಂದರೆ ಕಡಿಮೆ. ಆ ಎಲೆ ಕಿತ್ತರೆ ಆಯಿತು. ಚಿಗುರಿನ ತುಂಬ ಹೇನು ಕೂತಿದ್ದರೆ ರಭಸದ ನೀರು ಹಾಯಿಸಿ ಉದುರಿಸಿ. ಎಲೆ ತುಂಬ ಸೂಜಿ ಚುಚ್ಚಿದಂಥ ಹಳದಿ ಚುಕ್ಕೆ, ಕೆಳಗೆ ತೆಳು ಬಲೆ ಇದ್ದರೆ ಜೇಡನುಸಿ. ಒಣ ಹವೆ, ಧೂಳು ಇದ್ದಾಗ ಅವು ಹೆಚ್ಚು.

ಕೆಳಗಿನ ಎಲೆಯಲ್ಲಿ ಕಂದು ಮಚ್ಚೆ, ಅದರೊಳಗೆ ಒಂದರೊಳಗೊಂದು ಬಳೆ ಇಟ್ಟ ಹಾಗೆ ವೃತ್ತಗಳು, ಸುತ್ತ ಹಳದಿ. ಇದು ಮುಂಚಿನ ಅಂಗಮಾರಿ. ಮಚ್ಚೆ ಬರೀ 2-3 ಮಿ.ಮೀ. ಇದ್ದು, ನಡುವೆ ಬೂದು, ಅಂಚು ಕಪ್ಪು, ಒಳಗೆ ಸಾಸಿವೆಗಿಂತ ಸಣ್ಣ ಕರಿಚುಕ್ಕಿ ಇದ್ದರೆ ಸೆಪ್ಟೋರಿಯಾ ಎಂಬ ಶಿಲೀಂಧ್ರದ ಎಲೆಚುಕ್ಕೆ ರೋಗ. ಎರಡಕ್ಕೂ ಮೊದಲ ಕೆಲಸ ಒಂದೇ. ಚುಕ್ಕೆ ಬಿದ್ದ ಎಲೆ ತೆಗೆಯಿರಿ, ಗಿಡ ಒಣಗಿರುವಾಗ. ಒದ್ದೆ ಗಿಡ ಮುಟ್ಟಿದರೆ ನಾವೇ ರೋಗ ಹಂಚಿದಂತೆ. ನೆಲದಿಂದ ಒಂದಡಿವರೆಗಿನ ಎಲೆ ಸವರಿ, 5ರಿಂದ 8 ಸೆಂ.ಮೀ. ಹುಲ್ಲಿನ ಹೊದಿಕೆ ಹಾಕಿ. ಮಣ್ಣು ಎಲೆಗೆ ಸಿಡಿಯದಿದ್ದರೆ ಅರ್ಧ ರೋಗ ನಿಂತ ಹಾಗೆ. ನೀರು ಬುಡಕ್ಕೆ, ಬೆಳಗ್ಗೆ. ಗಿಡದಿಂದ ಗಿಡಕ್ಕೆ 60 ಸೆಂ.ಮೀ. ಜಾಗ ಬಿಡಿ. ತಾಮ್ರದ ಶಿಲೀಂಧ್ರನಾಶಕ ಹೊಸ ಎಲೆಗೆ ರೋಗ ತಗಲದಂತೆ ತಡೆಯುತ್ತದೆ, ಬಿದ್ದ ಚುಕ್ಕೆಯನ್ನು ಅಳಿಸುವುದಿಲ್ಲ.

ಇವೆಲ್ಲ ನಿಧಾನದ ರೋಗಗಳು. ಅವಸರ ಮಾಡಲೇಬೇಕಾದದ್ದು ಒಂದೇ, ಕೊನೆ ಅಂಗಮಾರಿ. ತಂಪು ಮತ್ತು ಮಳೆ ಒಟ್ಟಿಗೆ ಬಂದಾಗ ಎಲೆಯಲ್ಲಿ ಎಣ್ಣೆ ಸವರಿದಂಥ ದೊಡ್ಡ ಮಚ್ಚೆ ಎದ್ದು, ಬೇಗ ಕಂದಾಗಿ, ಕಾಂಡದ ಮೇಲೂ ಕಪ್ಪು ಪಟ್ಟಿ ಬರುತ್ತದೆ. ಬೆಳಗಿನ ತೇವದಲ್ಲಿ ಎಲೆ ತಿರುವಿದರೆ ಮಚ್ಚೆಯ ಅಂಚಿನಲ್ಲಿ ಬಿಳಿ ಬೂಷ್ಟು. 1845ರಿಂದ ಐರ್ಲೆಂಡಿನ ಆಲೂಗಡ್ಡೆ ಬೆಳೆ ನಾಶ ಮಾಡಿ ಕ್ಷಾಮ ತಂದದ್ದು ಇದೇ ರೋಗಾಣು. ಒಂದು ವಾರದಲ್ಲಿ ಗಿಡ ಮುಗಿಸುತ್ತದೆ, ಗಾಳಿಯಲ್ಲಿ ನೆರೆಯವರ ತೋಟಕ್ಕೂ ಹೋಗುತ್ತದೆ. ಅನುಮಾನ ಗಟ್ಟಿಯಾದ ದಿನವೇ ಕಿತ್ತು, ಚೀಲದಲ್ಲಿ ಕಟ್ಟಿ ಹಾಕಿ. ನಾಳೆ ನೋಡೋಣ ಅನ್ನಬೇಡಿ.

ಹೂ ಉದುರಿದರೆ

ಹೂವಿನ ತೊಟ್ಟಿನ ಗೆಣ್ಣು ಹಳದಿಯಾಗಿ ಹೂ ಕಳಚಿ ಬೀಳುತ್ತಿದ್ದರೆ ಗೊಬ್ಬರ ಹಾಕುವ ಮೊದಲು ತಾಪಮಾನ ನೋಡಿ. ರಾತ್ರಿ 13 ಡಿಗ್ರಿಗಿಂತ ಕೆಳಗಿಳಿದರೆ ಪರಾಗ ಸರಿಯಾಗಿ ಬಲಿಯುವುದಿಲ್ಲ. ಹಗಲು 32 ದಾಟಿ ರಾತ್ರಿಯೂ 24ರ ಮೇಲಿದ್ದರೆ ಪರಾಗ ಕೆಲಸ ಮಾಡುವುದಿಲ್ಲ. ವಸಂತದ ಶುರುವಿನಲ್ಲಿ ಮೊದಲನೆಯದು, ಕೊನೆಯಲ್ಲಿ ಎರಡನೆಯದು. ಎರಡಕ್ಕೂ ಕಾಯುವುದೇ ಮದ್ದು.

ಹವೆ ಚೆನ್ನಾಗಿದೆ, ಹೂ ನಿಲ್ಲುತ್ತಿಲ್ಲ ಅಂದರೆ ಗಿಡ ಗಾಳಿ ಆಡದ ಮೂಲೆಯಲ್ಲಿದೆಯಾ ನೋಡಿ. ಟೊಮೆಟೊ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇವೆ, ಆದರೆ ಪರಾಗ ಉದುರಲು ಸ್ವಲ್ಪ ನಡುಕ ಬೇಕು. ಹೊರಗೆ ಗಾಳಿ, ದುಂಬಿ ಈ ಕೆಲಸ ಮಾಡುತ್ತವೆ. ಬಾಲ್ಕನಿಯಲ್ಲಿ ನಾನು ಮಧ್ಯಾಹ್ನದ ಹೊತ್ತಿಗೆ ಹೂಗೊಂಚಲಿನ ಹಿಂದೆ ಬೆರಳಿನಿಂದ ಮೆಲ್ಲಗೆ ತಟ್ಟುತ್ತೇನೆ. ಎಲೆ ಮಾತ್ರ ಕಡುಹಸಿರಾಗಿ ಸೊಕ್ಕಿ, ಹೂವೇ ಇಲ್ಲ ಅಂದರೆ ಸಾರಜನಕ ಹೆಚ್ಚಾಗಿದೆ ಅಥವಾ ಬಿಸಿಲು ಕಡಿಮೆ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು.

ಕಾಯಿಯಲ್ಲಿ ತೊಂದರೆ

ಮೊದಲ ಕಾಯಿಗಳ ತಳದಲ್ಲಿ, ಹೂ ಇದ್ದ ತುದಿಯಲ್ಲಿ, ಚಪ್ಪಟೆ ಕಪ್ಪು ಮಚ್ಚೆ. ಇದು ತಳಕೊಳೆ, ಕಾಯಿಗೆ ಕ್ಯಾಲ್ಸಿಯಂ ತಲುಪದೆ ಆದದ್ದು. ಇಷ್ಟು ಕೇಳಿದ ಕೂಡಲೇ ಜನ ಮೊಟ್ಟೆ ಚಿಪ್ಪು ಪುಡಿ ಮಾಡಲು ಓಡುತ್ತಾರೆ. ಚಿಪ್ಪು ಮಣ್ಣಿನಲ್ಲಿ ಕರಗಲು ಬಹಳ ಕಾಲ ಬೇಕು, ಈ ಬೆಳೆಗಂತೂ ಸಿಗುವುದಿಲ್ಲ. ಎಲೆಗೆ ಸಿಂಪಡಿಸಿದ ಕ್ಯಾಲ್ಸಿಯಂ ಎಲೆಯಿಂದ ಕಾಯಿಗೆ ಇಳಿಯುವುದಿಲ್ಲ. ಎಪ್ಸಮ್ ಸಾಲ್ಟ್ ಹಾಕಿದರೆ ಇನ್ನೂ ಕೆಡುತ್ತದೆ, ಅದರ ಮೆಗ್ನೀಸಿಯಂ ಕ್ಯಾಲ್ಸಿಯಂ ಜೊತೆ ಪೈಪೋಟಿಗಿಳಿಯುತ್ತದೆ. ಹೆಚ್ಚಿನ ಮಣ್ಣಿನಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದೆ. ಅದು ನೀರಿನ ಜೊತೆ ಮಾತ್ರ ಮೇಲೇರುತ್ತದೆ. ಒಂದು ದಿನ ಬರ, ಇನ್ನೊಂದು ದಿನ ಪ್ರವಾಹ ಮಾಡಿದರೆ ಕಾಯಿಗೆ ಪಾಲು ಸಿಗುವುದಿಲ್ಲ. ವಾರಕ್ಕೆ 2.5ರಿಂದ 4 ಸೆಂ.ಮೀ. ಮಳೆಯಷ್ಟು ನೀರು ಎರಡು ಮೂರು ಕಂತಿನಲ್ಲಿ ಸಿಗಲಿ, ಹೊದಿಕೆ ಇರಲಿ, ಸಾರಜನಕ ಕಡಿಮೆ ಮಾಡಿ. ಕುಂಡ ಚಿಕ್ಕದಾದರೆ ಎಷ್ಟು ಜಾಗ್ರತೆ ಮಾಡಿದರೂ ಒಣಗುತ್ತದೆ, 20 ಲೀಟರಿಗಿಂತ ಸಣ್ಣದು ಬೇಡ. ಮಚ್ಚೆ ಬಿದ್ದ ಕಾಯಿ ಕಿತ್ತುಹಾಕಿ. ಮುಂದಿನ ಗೊಂಚಲು ಸಾಮಾನ್ಯವಾಗಿ ತಾನೇ ಸುಧಾರಿಸುತ್ತದೆ.

ಮೊದಲ ಹಣ್ಣು ಸೊಟ್ಟಗೆ, ಮಡಿಕೆ ಮಡಿಕೆಯಾಗಿ, ತಳದಲ್ಲಿ ಗಾಯದ ಕಲೆಯೊಂದಿಗೆ ಬಂದರೆ ಹೂ ರೂಪುಗೊಳ್ಳುವಾಗ ಚಳಿ ಇತ್ತು ಅಂತ ಲೆಕ್ಕ. ತಿನ್ನಲು ಅಡ್ಡಿಯಿಲ್ಲ. ಕಾಯಿಯಲ್ಲಿ ದುಂಡನೆಯ ತೂತು, ಪಕ್ಕದಲ್ಲಿ ಹಿಕ್ಕೆ ಇದ್ದರೆ ಕಾಯಿಕೊರಕ ಒಳಗಿದೆ, ಆ ಕಾಯಿಯನ್ನು ಹುಳುವಿನ ಸಮೇತ ತೆಗೆಯಿರಿ. ಬಿಸಿಲಿಗೆ ಮುಖ ಮಾಡಿದ ಬದಿ ಬಿಳಿಚಿ ಬೆಂದಂತಿದ್ದರೆ ಎಲೆ ಜಾಸ್ತಿ ಸವರಿದ್ದೀರಿ.

ಹಣ್ಣು ಕೆಂಪಾಗದೆ ಹಳದಿ ಕಿತ್ತಳೆಯಲ್ಲೇ ನಿಂತರೆ ಸೆಕೆ ಹೆಚ್ಚಾಗಿದೆ. 30 ಡಿಗ್ರಿ ದಾಟಿದರೆ ಕೆಂಪು ಬಣ್ಣ ಕೊಡುವ ಲೈಕೊಪೀನ್ ಸರಿಯಾಗಿ ತಯಾರಾಗುವುದಿಲ್ಲ. ಒಣಗಿದ ಮಣ್ಣಿಗೆ ಜೋರು ಮಳೆ ಬಿದ್ದ ಮರುದಿನ ಹಣ್ಣು ಬಿರಿಯುವುದಂತೂ ಇದ್ದದ್ದೇ. ಒಳಗಿನ ತಿರುಳು ಉಬ್ಬಿದಷ್ಟು ಬೇಗ ಸಿಪ್ಪೆ ಹಿಗ್ಗುವುದಿಲ್ಲ. ಈ ಎರಡಕ್ಕೂ ನಾನು ಮಾಡುವುದು ಒಂದೇ. ತಳದಲ್ಲಿ ತುಸು ಗುಲಾಬಿ ಕಂಡ ಕೂಡಲೇ ಹಣ್ಣು ಕಿತ್ತು ಮನೆಯೊಳಗೆ, ಬಿಸಿಲು ಬೀಳದ ಜಾಗದಲ್ಲಿ ಇಡುತ್ತೇನೆ. ಐದಾರು ದಿನದಲ್ಲಿ ಪೂರ್ತಿ ಕೆಂಪಾಗುತ್ತದೆ. ಫ್ರಿಜ್ಜಿಗೆ ಮಾತ್ರ ಇಡಬೇಡಿ, ಅರೆಹಣ್ಣು ಅಲ್ಲಿ ಮಾಗುವುದಿಲ್ಲ.